ಎಂಬತ್ತು ಪೆಟ್ಟಿಗೆಯ ಉಡಿ

ನಿಂಬೆಹಣ್ಣಿನ ವಾಸನೆ ಬಂದರೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಕೂದಲು ಬೆಳ್ಳಗಾಗಿ, ಹಲ್ಲು ಅರ್ಧ ಉದುರಿದ ಮೇಲೂ ಬರುತ್ತದೆ. ಆ ವಾಸನೆಯ ಜೊತೆ ಬೆಸುಗೆಯ ಹೊಗೆಯೂ ಸೇರಿಕೊಂಡರೆ ಮುಗಿದೇ ಹೋಯಿತು. ಆ ದಿನ ಮನೆಯವರು ನನ್ನನ್ನು ಮಾತಾಡಿಸದಿರುವುದೇ ಒಳ್ಳೆಯದು.

ಹೋದ ತಿಂಗಳು ಒಂದು ಮದುವೆಗೆಂದು ಇಂಡಿಗೆ ಹೋಗಿದ್ದೆ. ಊಟ ಮುಗಿದ ಮೇಲೆ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಹಳೆಯ ಪೇಟೆಯ ಕಡೆ ಸುಮ್ಮನೆ ನಡೆದೆ. ಮೂಲೆಯಲ್ಲೊಬ್ಬ ನೀರಿನ ಹಂಡೆಗೆ ಬೆಸುಗೆ ಹಾಕುತ್ತ ಕೂತಿದ್ದ. ಅವನ ಪಕ್ಕದಲ್ಲೇ ನಿಂಬೆಹಣ್ಣು ಹೇರಿಕೊಂಡ ಕೈಗಾಡಿ. ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ತಲೆಯೆತ್ತಿ ನೋಡಿದರೆ ಎದುರಿಗಿದ್ದದ್ದು ನಮ್ಮ ಮಾಮಾನ ಗೋದಾಮು. ಈಗ ಅದು ಸೈಕಲ್ ರಿಪೇರಿ ಅಂಗಡಿ. ಬಾಗಿಲ ಚೌಕಟ್ಟು ಮಾತ್ರ ಅದೇ. ಆ ಬಾಗಿಲಿಂದ ಎಂಬತ್ತು ಪೆಟ್ಟಿಗೆ ಉಪ್ಪಿನಕಾಯಿ ಹಡಗು ಹತ್ತಲು ಹೊರಟಿದ್ದವು. ಆ ಬೇಸಿಗೆಯನ್ನು ನೆನೆದರೆ ಯಾರ ಮೇಲೆ ಸಿಟ್ಟಾಗಬೇಕೆಂದು ಇವತ್ತಿಗೂ ನನಗೆ ತಿಳಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕಿರಿಕಿರಿ ಅದೇ.

ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅದು. ನನಗೆ ಇಪ್ಪತ್ತೆರಡು. ಅಪ್ಪ ಸಿಂದಗಿಯಲ್ಲಿ ದರ್ಜಿ. ನಾನು ಮೆಟ್ರಿಕ್ ಮುಗಿಸಿ, ವಿಜಾಪುರದಲ್ಲಿ ಇಂಗ್ಲಿಷ್ ಟೈಪಿಂಗ್ ಕಲಿತು, ಯಾವ ಕೆಲಸವೂ ಸಿಗದೆ ಅಪ್ಪನ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತ ಕೂತಿದ್ದೆ. ಆಗ ಅವ್ವನ ತಮ್ಮ ಮೌಲಾಸಾಬ, ಅಂದರೆ ನನ್ನ ಮೌಲಾ ಮಾಮಾ, ಇಂಡಿಯಿಂದ ಹೇಳಿ ಕಳಿಸಿದ. ಅಗರಖೇಡದ ಹತ್ತಿರ ಅವನದೊಂದು ನಿಂಬೆ ತೋಟವಿತ್ತು. ವರ್ಷಾ ವರ್ಷ ಹಸಿ ಹಣ್ಣು ಸೊಲ್ಲಾಪುರಕ್ಕೆ ಒಯ್ದು, ದಲಾಲರು ಹೇಳಿದ್ದಕ್ಕೆ ತಲೆಯಾಡಿಸಿ ಬರುವುದು ಅವನ ವ್ಯಾಪಾರ. ಆ ವರ್ಷ ಅವನಿಗೆ ಮುಂಬೈಯ ಒಬ್ಬ ಸೇಟನ ಪರಿಚಯವಾಗಿತ್ತು. ಸೇಟ ಆಫ್ರಿಕಾದ ಮೊಂಬಾಸಾ ಬಂದರಿಗೆ ಹಡಗಿನಲ್ಲಿ ಕಿರಾಣಿ ಕಳಿಸುವವನು. ಅಲ್ಲಿ ನಮ್ಮ ದೇಶದ ಜನ ಬಹಳ ಇದ್ದಾರೆ, ಅವರಿಗೆ ನಿಂಬೆ ಉಪ್ಪಿನಕಾಯಿ ಬೇಕು, ಡಬ್ಬಿಯಲ್ಲಿ ಮುಚ್ಚಿ ಕಳಿಸಿದರೆ ವರ್ಷಗಟ್ಟಲೆ ಕೆಡಬಾರದು ಎಂಬುದು ಅವನ ಬೇಡಿಕೆ.

ಸೇಟನ ಪತ್ರವನ್ನು ಮಾಮಾನಿಗೆ ಓದಿ ಹೇಳಿದವನು ನಾನೇ. ಎಂಬತ್ತು ಪೆಟ್ಟಿಗೆ, ಪೆಟ್ಟಿಗೆಗೆ ಇಪ್ಪತ್ನಾಲ್ಕು ಡಬ್ಬಿ. ಮಳೆಗಾಲಕ್ಕೆ ಮೊದಲು ಹೊರಡುವ ಹಡಗಿಗೇ ಹತ್ತಬೇಕು. ಈ ಮೊದಲ ಸರಕು ಆ ಹಡಗಿನಲ್ಲಿ ಸರಿಯಾಗಿ ಹೋಗಿ ಮುಟ್ಟಿದರೆ ಇನ್ನು ಮುಂದೆ ಪ್ರತಿ ವರ್ಷ ಇದರ ನಾಲ್ಕರಷ್ಟು ಬೇಕು. ತಪ್ಪಿದರೆ ಬೇರೆ ಊರಿನವರನ್ನು ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದ.

"ಸಮುದ್ರ ಅಂದ್ರ ಏನೋ ಖಾದರ್, ನಮ್ಮ ಭೀಮಾ ಹೊಳೀನ, ಸ್ವಲ್ಪ ಅಗಲ ಐತಿ ಅಷ್ಟ" ಎಂದ ಮಾಮಾ. "ನೀ ಕಾಗದ ಬರಿ. ನಾ ಕಾಯಿ ಹಾಕಸ್ತೇನಿ."

ಉಪ್ಪಿನಕಾಯಿ ಹಾಕಲು ಅವನು ಕರೆತಂದದ್ದು ಅಗರಖೇಡದ ಬಸಲಿಂಗವ್ವನನ್ನು. ಐವತ್ತರ ಹೆಂಗಸು. ಗಂಡ ಸತ್ತ ಮೇಲೆ ಮಗನನ್ನು ಅವರಿವರ ಹೊಲದಲ್ಲಿ ಕೂಲಿ ಮಾಡಿ ಬೆಳೆಸಿದವಳು. ಚಳಿಗಾಲವೆಲ್ಲ ಕುಸುಬೆ ಕೀಳುವ ಕೆಲಸ. ಕುಸುಬೆಯ ಗಿಡ ತುಂಬ ಮುಳ್ಳು. ಅವಳ ಅಂಗೈಯಲ್ಲಿ ಚುಚ್ಚಿ ಮುರಿದ ಮುಳ್ಳಿನ ಕಪ್ಪು ಚುಕ್ಕೆಗಳು ಒಳಗೇ ಉಳಿದುಬಿಟ್ಟಿದ್ದವು. ಅವಳ ಮನೆಯ ಉಪ್ಪಿನಕಾಯಿಯನ್ನು ಮಾಮಾ ಒಮ್ಮೆ ತೋಟದಲ್ಲಿ ರೊಟ್ಟಿಯ ಜೊತೆ ತಿಂದಿದ್ದನಂತೆ, ಅಷ್ಟೇ ಸಾಕಾಗಿತ್ತು. ಈ ವ್ಯಾಪಾರ ಕುದುರಿದರೆ ವರ್ಷವಿಡೀ ನೆರಳಿನಲ್ಲಿ ಕೆಲಸ ಎಂದು ಮಾಮಾ ಅವಳಿಗೆ ಮಾತು ಕೊಟ್ಟ. ಅವಳು ಊರ ಮನೆಗೆ ಕೀಲಿ ಹಾಕಿ, ಮಗನನ್ನೂ ಸೊಸೆ ಕಾಶವ್ವನನ್ನೂ ಕಟ್ಟಿಕೊಂಡು ಇಂಡಿಗೆ ಬಂದು, ಗೋದಾಮಿನ ಹಿಂದಿನ ಓಣಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಳು. ಇಂಡಿಯ ಹನ್ನೆರಡು ಹೆಂಗಸರು ಅವಳ ಕೈಕೆಳಗೆ ಸೇರಿದರು.

"ಇನ್ನ ಮ್ಯಾಲ ನಾ ಕುಸುಬಿ ಕೀಳಾಕ ಹೋಗಾಂಗಿಲ್ಲ" ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. "ಸೊಸಿನ್ನೂ ಕಳಸಾಂಗಿಲ್ಲ."

ಹೆಂಗಸರು ಹಣ್ಣು ಒರೆಸಿ, ಬುಡ ಬಿಡದಂತೆ ನಾಲ್ಕು ಸೀಳಿ, ಉಪ್ಪು ತುಂಬಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದರು. ನಾನು ಕೆಳಗೆ ಹಳೆಯ ಟೈಪ್‌ರೈಟರ್ ಮುಂದೆ ಕೂತು ಕಾಗದ ಬರೆಯುತ್ತಿದ್ದೆ. ಒಂದು ಅರ್ಜಿಗೆ ಐದು ಪ್ರತಿ. ಸೇಟನಿಗೆ ಪೌಂಡಿನ ಲೆಕ್ಕ ಬೇಕು, ರೈಲಿನವರಿಗೆ ಮಣದ ಲೆಕ್ಕ ಬೇಕು, ಬಸಲಿಂಗವ್ವ ಎಲ್ಲವನ್ನೂ ಸೇರಿನಲ್ಲಿ ಹೇಳುವವಳು. ಒಂದು ಅಕ್ಷರ ತಪ್ಪಿದರೆ ಐದು ಪ್ರತಿಯನ್ನೂ ಹರಿದು ಮತ್ತೆ ಹೊಡೆಯಬೇಕು. ಇಡೀ ಇಂಡಿಯಲ್ಲಿ ಇದು ಕೆಲಸವೆಂದು ನಂಬಿದವರು ಒಬ್ಬರೂ ಇರಲಿಲ್ಲ. ಹೆಂಗಸರು ಮೇಲೆ ಬಿಸಿಲಲ್ಲಿ ಕೈ ಉರಿಸಿಕೊಳ್ಳುತ್ತಿರುವಾಗ ಒಬ್ಬ ಗಂಡಸು ನೆರಳಲ್ಲಿ ಕೂತು ಟಕಟಕ ಸದ್ದು ಮಾಡುತ್ತಾನಲ್ಲ ಎಂದು ಅವರಿಗೆ ನಗು.

ಡಬ್ಬಿಗಳದು ಇನ್ನೊಂದು ಕತೆ. ಮೊದಲು ಸೊಲ್ಲಾಪುರದಿಂದ ತುಪ್ಪದ ಡಬ್ಬಿಯಂಥವು ತರಿಸಿದೆವು. ಎಂಟು ದಿನದಲ್ಲಿ ನಿಂಬೆಯ ಹುಳಿ ತಗಡನ್ನೇ ತಿಂದು, ಉಪ್ಪಿನಕಾಯಿ ಕರ್ರಗಾಯಿತು. ಒಳಗೆ ಹಳದಿ ಲೇಪವಿರುವ ಡಬ್ಬಿ ಬೇಕೆಂದು ಆಮೇಲೆ ಗೊತ್ತಾಯಿತು. ಅವು ಮುಂಬೈಯಿಂದ ರೈಲಿನಲ್ಲಿ ಬಂದವು, ಕಾಲುಭಾಗ ನಗ್ಗಿ ಬಂದವು. ಅಂಗಳದಲ್ಲಿ ಬೆಸುಗೆಯವನು ಇದ್ದಿಲ ಒಲೆ ಹೂಡಿ ದಿನಕ್ಕಿಷ್ಟು ಡಬ್ಬಿ ಎಂದು ಮುಚ್ಚುತ್ತ ಹೋದ. ಆ ಹೊಗೆ, ಮೇಲಿಂದ ಬರುವ ನಿಂಬೆಯ ಘಾಟು, ನನ್ನ ತಲೆನೋವು, ಮೂರೂ ಸೇರಿ ಆ ಬೇಸಿಗೆ.

ಮುಚ್ಚುವುದಕ್ಕೂ ಬಸಲಿಂಗವ್ವ ಒಪ್ಪಬೇಕಿತ್ತು. ನನ್ನ ಕೈಯಲ್ಲಿ ಕ್ಯಾಲೆಂಡರ್ ಇತ್ತು, ಅವಳ ಕೈಯಲ್ಲಿ ಹೆಬ್ಬೆರಳು. ಭರಣಿಯಿಂದ ಒಂದು ಹೋಳು ತೆಗೆದು ಸಿಪ್ಪೆ ಒತ್ತಿ ನೋಡುವಳು, ತಲೆಯಾಡಿಸುವಳು.

"ಇನ್ನಾ ಬಿರುಸ ಐತಿ ತಮ್ಮಾ."

"ಹಡಗ ಕಾಯಾಂಗಿಲ್ಲ ಯವ್ವಾ."

"ಕಾಯಬ್ಯಾಡಂತ ಹೇಳು. ಹಸೀದ ಮುಚ್ಚಿದ್ರ ಡಬ್ಬಿ ಹೊಟ್ಟಿ ಉಬ್ಬಿಸ್ಕೊಂಡ ಕೂಡ್ತಾವ."

ನಾನು ಹಟ ಹಿಡಿದು ಮೂರು ಡಬ್ಬಿ ಮುಚ್ಚಿಸಿ ಮಾಳಿಗೆಯ ಮೇಲೆ ಇಡಿಸಿದೆ. ನಾಲ್ಕನೆಯ ದಿನ ಮೂರೂ ಉಬ್ಬಿ ಕೂತಿದ್ದವು. ಅವಳು ಮೂರನ್ನೂ ತಂದು ನನ್ನ ಟೈಪ್‌ರೈಟರಿನ ಪಕ್ಕ ಸಾಲಾಗಿ ಇಟ್ಟು ಹೋದಳು. ಕಾಶವ್ವ ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಹೀಗೆ ಹತ್ತು ದಿನ ಹೋದವು.

ಇನ್ನು ಹತ್ತು ದಿನ ಒಂದು ಸಹಿಗೆ ಹೋದವು. ಈ ಉಪ್ಪಿನಕಾಯಿ ತಿನ್ನಲು ಯೋಗ್ಯ ಎಂದು ಒಬ್ಬ ಸಾಹೇಬರು ಬರೆದುಕೊಡಬೇಕಿತ್ತು. ಸಾಹೇಬರು ತಿರುಗಾಟದ ಮೇಲಿದ್ದರು. ಇಂಡಿಗೆ ಬಂದು ಹೋಗಿದ್ದಾರೆ ಎಂದರು ಕಚೇರಿಯವರು. ಒಂದು ಡಬ್ಬಿಯನ್ನೂ ಐದು ಪ್ರತಿಯನ್ನೂ ಚೀಲದಲ್ಲಿಟ್ಟುಕೊಂಡು ಸಿಂದಗಿಗೆ ಹೋದೆ. ನಿನ್ನೆ ಹೋದರು ಎಂದರು. ಮುದ್ದೇಬಿಹಾಳದ ಬಸ್ಸು ದಾರಿಯಲ್ಲಿ ಕೆಟ್ಟಿತು, ನಾನು ಮುಟ್ಟುವ ಹೊತ್ತಿಗೆ ಸಾಹೇಬರ ಜೀಪು ಧೂಳೆಬ್ಬಿಸಿ ಹೊರಟಿತ್ತು. ಕಡೆಗೆ ಅವರು ಸಿಕ್ಕಿದ್ದು ಬಸವನ ಬಾಗೇವಾಡಿಯಲ್ಲಿ, ಊಟಕ್ಕೆ ಕೂತಿದ್ದಾಗ. ಒಳ್ಳೆಯ ಮನುಷ್ಯರು. ಡಬ್ಬಿ ಒಡೆಸಿ, ಒಂದು ಹೋಳು ಬಾಯಿಗಿಟ್ಟು, ಕಣ್ಣು ಮುಚ್ಚಿ, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಅರ್ಧ ಡಬ್ಬಿ ಮುಗಿದ ಮೇಲೆ ಕೈ ತೊಳೆದು ಸಹಿ ಮಾಡಿದರು. ಮುದ್ರೆಯಲ್ಲಿ ಇನ್ನೂ ಮುಂಬೈ ರಾಜ್ಯವೆಂದೇ ಇತ್ತು. ಹೊಸ ಮುದ್ರೆ ಬಂದಿಲ್ಲ ಎಂದು ಅದರ ಮೇಲೆ ಗೀಟು ಎಳೆದು, ಕೈಯಲ್ಲಿ ಮೈಸೂರು ಎಂದು ಬರೆದುಕೊಟ್ಟರು. ಐದು ಪ್ರತಿಯಲ್ಲೂ ಗೀಟು. ನಾನು ಅಷ್ಟು ನೀಟಾಗಿ ಹೊಡೆದ ಕಾಗದ ನೋಡಿ ನನಗೆ ಅಳು ಬಂತು.

ಇಷ್ಟೆಲ್ಲ ಆದರೂ ಕಡೆಗೆ ಪೆಟ್ಟಿಗೆಗಳು ತಯಾರಾದವು. ಮೇ ತಿಂಗಳ ಮೊದಲ ವಾರ. ಮುಂಜಾನೆ ಎಂಟಕ್ಕೇ ನೆಲ ಕಾದು ಹಂಚಾಗಿತ್ತು. ಇಂಡಿ ರೋಡ್ ಸ್ಟೇಶನ್ನಿಗೆ ಹೋಗುವ ಎತ್ತಿನ ಗಾಡಿಗಳು ಬಾಗಿಲಲ್ಲಿ ನಿಂತಿದ್ದವು. ಎಂಬತ್ತು ಪೆಟ್ಟಿಗೆಗಳಲ್ಲಿ ಒಣ ಹುಲ್ಲಿನ ನಡುವೆ ಡಬ್ಬಿಗಳು ಕೂತಿದ್ದವು. ಬಡಿಗ ಮೊದಲ ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಇಡುವಾಗ ಬಸಲಿಂಗವ್ವ ಅಡ್ಡ ಬಂದಳು. ಅವಳ ತಲೆಯ ಮೇಲೆ ಒಂದು ಬುಟ್ಟಿ. ಹಿಂದೆ ಕಾಶವ್ವ, ಅವಳ ಹಿಂದೆ ಹನ್ನೆರಡು ಹೆಂಗಸರು, ಎಲ್ಲರೂ ತೊಳೆದ ಸೀರೆ ಉಟ್ಟಿದ್ದರು.

"ಕಡಲ ದಾಟಿ ಹೊಂಟಾವ" ಎಂದಳು. "ಬರಿ ಉಡೀಲೆ ಕಳಸ್ತಾರೇನ?"

ಮಗಳು ಗಂಡನ ಮನೆಗೆ ಹೊರಟರೆ ಸೆರಗಿನಲ್ಲಿ ಕಾಳು, ಅಡಿಕೆ, ಅರಿಶಿನದ ಕೊಂಬು ಹಾಕಿ ಉಡಿ ತುಂಬಿ ಕಳಿಸುವುದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ನನ್ನ ಅಕ್ಕನಿಗೂ ಹಾಗೆಯೇ ತುಂಬಿ ಕಳಿಸಿದ್ದೆವು. ಅವಳು ಕೇಳಿದ್ದರಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ. ನಾಲ್ಕು ತಿಂಗಳು ಕೈಯಲ್ಲಿ ಬೆಳೆದದ್ದು ಊರು ಬಿಟ್ಟು ಹೊರಟಿತ್ತು. ಮಾಮಾ ಟೋಪಿ ಸರಿಮಾಡಿಕೊಂಡು ಪಕ್ಕಕ್ಕೆ ನಿಂತ. ಪೆಟ್ಟಿಗೆಗೊಂದು ಬೊಗಸೆ ಬಿಳಿಜೋಳ, ಒಂದು ಅರಿಶಿನದ ಕೊಂಬು, ಒಂದು ಅಡಿಕೆ. ಮುಚ್ಚಳ ಎತ್ತಿ ಹಿಡಿಯಲು ಒಬ್ಬರು ಬೇಕಿತ್ತು, ನಾನೇ ಹಿಡಿದೆ. ಒಂದೊಂದಕ್ಕೂ ಅವಳು ಮೆಲ್ಲಗೆ ಏನೋ ಹೇಳಿಕೊಳ್ಳುತ್ತಿದ್ದಳು. ಹುಲ್ಲಿನ ಮೇಲೆ ಬಿದ್ದ ಜೋಳ ಸುಳಸುಳನೆ ಕೆಳಗೆ ಇಳಿದು ಹೋಗುತ್ತಿತ್ತು.

ಎಪ್ಪತ್ತೆರಡನೆಯ ಪೆಟ್ಟಿಗೆಗೆ ಅಡಿಕೆ ಮುಗಿಯಿತು.

"ಲಗೂನ ಹೋಗಿ ಎಂಟ ಅಡಕಿ ತಾ" ಎಂದಳು ಕಾಶವ್ವನಿಗೆ.

"ಟೈಮ್ ಇಲ್ಲ ಯವ್ವಾ" ಎಂದೆ ನಾನು. "ಗಾಡಿ ಈಗ ಹೊಂಡಲಿಲ್ಲಂದ್ರ ಇವತ್ತ ಬುಕ್ಕಿಂಗ್ ಆಗಾಂಗಿಲ್ಲ. ಜೋಳ ಅರಿಶಿಣ ಐತಲ್ಲ, ಸಾಕ ಬಿಡು."

ಅವಳು ಮಾಮಾನ ಮುಖ ನೋಡಿದಳು. ಅವನು ಗಡಿಯಾರ ನೋಡಿದ. ಕಡೆಯ ಎಂಟು ಪೆಟ್ಟಿಗೆಗಳು ಅಡಿಕೆಯಿಲ್ಲದೆ ಮುಚ್ಚಿಕೊಂಡವು. "ಕಮ್ಮಿ ಆತು" ಎಂದು ಅವಳು ಖಾಲಿ ಬುಟ್ಟಿಯನ್ನು ಕವುಚಿ ನೆಲಕ್ಕೆ ಬಡಿದಳು. ಆ ಸಂಜೆ ಇಂಡಿ ರೋಡಿನ ಗೂಡ್ಸ್ ಆಫೀಸಿನಲ್ಲಿ ಕೂತು ನಾನು ಪೆಟ್ಟಿಗೆಯೊಳಗಿನ ಸಾಮಾನುಗಳ ಪಟ್ಟಿಗೆ ಸಹಿ ಹಾಕಿದೆ: ಡಬ್ಬಿಯಲ್ಲಿ ಮುಚ್ಚಿದ ನಿಂಬೆ ಉಪ್ಪಿನಕಾಯಿ, ಒಣ ಹುಲ್ಲು, ಬೇರೇನೂ ಇಲ್ಲ. ಮುಂಜಾನೆಯಷ್ಟೇ ಎಂಬತ್ತು ಸಲ ಮುಚ್ಚಳ ಎತ್ತಿ ಹಿಡಿದ ಕೈ ಅದು. ಸುಳ್ಳು ಬರೆಯುತ್ತಿದ್ದೇನೆಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಉಡಿಯನ್ನು ಸಾಮಾನು ಎಂದು ಯಾರು ಎಣಿಸುತ್ತಾರೆ?

ನಮ್ಮ ಸಣ್ಣ ಹಳಿಯ ರೈಲು ಹೋಟಗಿಯವರೆಗೆ ಮಾತ್ರ. ಅಲ್ಲಿ ಪೆಟ್ಟಿಗೆಗಳನ್ನು ಇಳಿಸಿ ದೊಡ್ಡ ಹಳಿಯ ಗಾಡಿಗೆ ಏರಿಸಬೇಕು. ಆ ಗಾಡಿಯಲ್ಲಿ ಜಾಗ ಸಿಗಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನ ನಾನು ಪೆಟ್ಟಿಗೆಗಳ ಮೇಲೆಯೇ ಕೂತು, ಬಂದ ಪ್ರತಿ ಗಾಡಿಗೂ ಎದ್ದು ಓಡಿ, ಪ್ರತಿ ಸಲ "ಇದಲ್ಲ, ಮುಂದಿಂದು" ಎನ್ನಿಸಿಕೊಂಡು ಬಂದೆ. ಮುಂಬೈ ಬಂದರಿಗೆ ಸರಕು ಮುಟ್ಟಿದಾಗ ಹಡಗಿಗೆ ಸಾಮಾನು ತೆಗೆದುಕೊಳ್ಳುವುದು ನಿಲ್ಲಲು ಎರಡು ದಿನ ಉಳಿದಿತ್ತು. ಎರಡು ದಿನ ಧಾರಾಳವಾಯಿತು ಎಂದ ಸೇಟನ ಗುಮಾಸ್ತ. ನಾನು ಸಮುದ್ರವನ್ನು ಮೊದಲ ಸಲ ನೋಡಿದ್ದು ಅವತ್ತೇ. ಭೀಮಾ ಹೊಳೆಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಬಂದರಿನ ತಪಾಸಣೆಯವರು ಮಧ್ಯವಯಸ್ಸಿನ ಮರಾಠಿ ಮನುಷ್ಯ. ಒಂದು ಪೆಟ್ಟಿಗೆಯನ್ನು ಬೆರಳು ಮಾಡಿ ತೋರಿಸಿ ತೆಗೆಸಿದರು. ಹುಲ್ಲು ಸರಿಸಿ ಒಂದು ಡಬ್ಬಿ ಎತ್ತಿದರು. ಡಬ್ಬಿಯ ಮೈಮೇಲಿಂದ ಜೋಳ ಉದುರಿತು. ಇನ್ನಷ್ಟು ಹುಲ್ಲು ಸರಿಸಿದರು, ಅರಿಶಿನ ಸಿಕ್ಕಿತು, ಅಡಿಕೆ ಸಿಕ್ಕಿತು. ಅವರು ಮೂರನ್ನೂ ಅಂಗೈಯಲ್ಲಿಟ್ಟುಕೊಂಡು ನನ್ನನ್ನು ನೋಡಿದರು. ಮುಂಬೈ ರಾಜ್ಯದಲ್ಲಿ ಬೆಳೆದ ನನಗೆ ಮರಾಠಿ ಬರುತ್ತಿತ್ತು.

"ಇದು ಓಟಿಯಲ್ಲವೇ?" ಎಂದು ಕೇಳಿದರು. ಉಡಿಗೆ ಅವರ ಕಡೆ ಓಟಿ ಎನ್ನುತ್ತಾರೆ.

"ಹೌದು ಸಾಹೇಬ" ಎಂದೆ. ಪುಣ್ಯಕ್ಕೆ ತಿಳಿದವರೇ ಸಿಕ್ಕರಲ್ಲ ಎಂದುಕೊಂಡೆ.

"ನನ್ನ ತಂಗಿಗೆ ಮೊನ್ನೆಯಷ್ಟೇ ತುಂಬಿ ಕಳಿಸಿದೆವು" ಎಂದರು ಅವರು. ಆಮೇಲೆ ನನ್ನ ಪಟ್ಟಿಯನ್ನು ತೆಗೆದು ಓದಿದರು. "ಬೇರೇನೂ ಇಲ್ಲ ಎಂದು ಬರೆದಿದೆ. ಸಹಿ ಯಾರದು?"

"ನನ್ನದೇ."

"ಕಾಳುಕಡಿ ದೇಶ ಬಿಟ್ಟು ಹೋಗಬೇಕಾದರೆ ಪರವಾನಗಿ ಬೇಕು. ಇದು ಕಾಳು. ಓಟಿ ಎಂದು ಬರೆಯೋಣವೆಂದರೆ ಈ ಕಾಗದದಲ್ಲಿ ಅದಕ್ಕೆ ಜಾಗ ಎಲ್ಲಿದೆ, ನೀನೇ ತೋರಿಸು. ಇದ್ದರೆ ನಾನೇ ಬರೆದುಕೊಡುತ್ತೇನೆ."

ಐದು ಪ್ರತಿಯನ್ನೂ ತಿರುವಿದೆ. ಜಾಗ ಇರಲಿಲ್ಲ. ಅವರು ಕೆಟ್ಟವರಾಗಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಮನುಷ್ಯನ ಜೊತೆ ಏನೆಂದು ಜಗಳವಾಡಲಿ? ಪಕ್ಕದ ಹಡಗುಕಟ್ಟೆಯಲ್ಲಿ ಇನ್ನೊಂದು ಹಡಗಿನಿಂದ ಹೊರದೇಶದ ಗೋಧಿಯ ಚೀಲಗಳು ಇಳಿಯುತ್ತಲೇ ಇದ್ದವು. ದೇಶಕ್ಕೇ ಕಾಳು ಸಾಲದ ಕಾಲ ಅದು, ಅವರು ಹೇಳಿದ್ದು ನ್ಯಾಯವೇ. ಎಂಬತ್ತು ಪೆಟ್ಟಿಗೆಯನ್ನೂ ಬಿಚ್ಚಿ, ಕಾಳು ತೆಗೆದು, ಹೊಸ ಪಟ್ಟಿ ಬರೆದು, ಮತ್ತೆ ತೋರಿಸಿದರೆ ಬಿಡುತ್ತೇನೆ ಎಂದರು. ತಡ ಮಾಡಬೇಡ ಎಂದೂ ಹೇಳಿದರು.

ಬಿಚ್ಚಲು ಅಪ್ಪಣೆ ಚೀಟಿ ಬೇಕೆಂದು ಮೊದಲ ದಿನ ಹೋಯಿತು. ಎರಡನೆಯ ದಿನ ಮುಂಜಾನೆ ಒಬ್ಬ ಬಡಿಗ, ಇಬ್ಬರು ಹಮಾಲರು, ನಾನು. ಮೇಲೆ ತೋರಿದ ಬೊಗಸೆ ಜೋಳ ತೆಗೆದರೆ ಮುಗಿಯಿತು ಎಂದುಕೊಂಡಿದ್ದೆ. ಜೋಳ ಮೇಲೆಲ್ಲಿತ್ತು? ನಾಲ್ಕು ದಿನ ಹೋಟಗಿಯಲ್ಲಿ, ಆಮೇಲೆ ರೈಲಿನಲ್ಲಿ ಅಲುಗಾಡಿ ಅಲುಗಾಡಿ ಹುಲ್ಲಿನ ಸಂದಿಯಿಂದ ಇಳಿದು, ಡಬ್ಬಿಗಳ ನಡುವೆ, ಪೆಟ್ಟಿಗೆಯ ಮೂಲೆಮೂಲೆಯಲ್ಲಿ ಕೂತಿತ್ತು. ಒಂದೊಂದು ಪೆಟ್ಟಿಗೆಯಿಂದಲೂ ಇಪ್ಪತ್ನಾಲ್ಕು ಡಬ್ಬಿ ಹೊರಗಿಟ್ಟು, ಹುಲ್ಲು ಕೊಡವಿ, ಪೆಟ್ಟಿಗೆ ಬೋರಲು ಹಾಕಿ ಬಡಿದು, ಮತ್ತೆ ತುಂಬಬೇಕು. ಕಡಲ ಕಡೆಯ ಸೆಖೆಗೆ ಅಂಗಿ ಮೈಗಂಟಿತ್ತು. ಮೊಣಕಾಲೂರಿ ಕೂತ ನಾನು ಜೋಳದ ಕಾಳು ಆರಿಸುತ್ತ ಬಸಲಿಂಗವ್ವನನ್ನು ಬೈದೆ, ಮಾಮಾನನ್ನು ಬೈದೆ, ಸೇಟನನ್ನು ಬೈದೆ. ಎಲ್ಲರೂ ಮುಗಿದ ಮೇಲೆ ಸಹಿ ಹಾಕಿದವನನ್ನು ಬೈದೆ. ಕಡೆಯ ಎಂಟು ಪೆಟ್ಟಿಗೆಗಳಲ್ಲಾದರೂ ಏನೂ ಹಾಕದೆ ಇರಬಹುದಿತ್ತಲ್ಲ ಎಂದು, ಅಡಿಕೆಯಿಲ್ಲದೆಯೂ ಜೋಳ ಹಾಕಿಸಿದ ನನ್ನದೇ ಮಾತು ನೆನೆದು ಹಣೆ ಚಚ್ಚಿಕೊಂಡೆ.

ಗಂಟೆ ಬಾರಿಸಿ ಕಟ್ಟೆಯ ಬಾಗಿಲು ಹಾಕಿದಾಗ ಅರವತ್ತೊಂದು ಪೆಟ್ಟಿಗೆ ಮುಗಿದಿತ್ತು. ಒಂದೇ ಪಟ್ಟಿಯ ಸರಕು, ಅರ್ಧ ಹತ್ತಿಸುವಂತಿಲ್ಲ. ಮರುದಿನ ಹಡಗು ಹೊರಟಿತು. ನಾನು ನಿಂತು ನೋಡಿದೆ. ಆಮೇಲಿನ ಎರಡು ದಿನ ಉಳಿದ ಹತ್ತೊಂಬತ್ತನ್ನೂ ಬಿಚ್ಚಿದೆ. ಅಡಿಕೆಗಳನ್ನು ಬಡಿಗನೂ ಹಮಾಲರೂ ಹಂಚಿಕೊಂಡು ಅಗಿದರು. ಜೋಳ ಎರಡು ಚೀಲವಾಯಿತು. ಅದನ್ನು ಇಂಡಿಗೆ ತರುವ ಧೈರ್ಯ ನನಗಿರಲಿಲ್ಲ. ಸ್ಟೇಶನ್ನಿನ ಹತ್ತಿರ ಪಾರಿವಾಳಗಳಿಗೆ ಕಾಳು ಹಾಕುವ ಒಂದು ಜಾಗವಿತ್ತು, ಅಲ್ಲಿ ಸುರಿದು ಬಂದೆ.

ಮಾಮಾನಿಗೆ ಮಾತ್ರ ನಿಜ ಹೇಳಿದೆ. ಅವನು ಗಡ್ಡ ಕೆರೆದುಕೊಂಡ. ನನ್ನ ಮೇಲೆ ಕೂಗಾಡುತ್ತಾನೆಂದು ಕಾದೆ, ಕೂಗಾಡಲಿಲ್ಲ.

"ಆಕಿಗೆ ಹೇಳಬ್ಯಾಡ" ಎಂದ. "ತನ್ನ ಕೈಯಿಂದ ಆತಂತ ತಿಳದ್ರ ಆಕಿ ಉಳಿಯಾಂಗಿಲ್ಲ. ಹಡಗಿನ್ಯಾಗ ಜಾಗ ಇರಲಿಲ್ಲ ಅಂತ ಹೇಳು."

ಹಾಗೆಯೇ ಹೇಳಿದೆ. ಗೋದಾಮಿನ ಬಾಗಿಲಲ್ಲಿ ಹೆಂಗಸರೆಲ್ಲ ನಿಂತಿದ್ದರು. ಬಸಲಿಂಗವ್ವ ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡಳು.

"ಎಲ್ಲಾರಿಗೂ ಜಾಗ ಇತ್ತು, ನಮಗಷ್ಟ ಇರಲಿಲ್ಲೇನ?"

"ಹೌದ ಯವ್ವಾ."

ಅವಳು ತಲೆ ತಗ್ಗಿಸಿದಳು. ಕಾಶವ್ವನ ಕಡೆ ತಿರುಗಿ, "ಅಡಕಿ ಕಮ್ಮಿ ಬಿದ್ದಿತ್ತು" ಎಂದಳು. "ಎಂಟ ಪೆಟ್ಟಿಗಿ ಅರ್ಧಾ ಉಡೀಲೆ ಹೋದ್ವು. ನಾ ಅವತ್ತ ಎಣಿಸಿ ತರಬೇಕಾಗಿತ್ತು."

ನಾನು ಮಾಮಾನನ್ನು ನೋಡಿದೆ, ಮಾಮಾ ನೆಲ ನೋಡಿದ. ಒಂದು ತಪ್ಪಿನಿಂದ ಅವಳನ್ನು ಉಳಿಸಲು ಹೋಗಿ ಇನ್ನೊಂದನ್ನು ಅವಳ ತಲೆಗೆ ಕಟ್ಟಿದೆವೆಂದು ಆ ಕ್ಷಣವೇ ಗೊತ್ತಾಯಿತು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮುಂದಿನ ಹಡಗು ಹೊರಡುವ ಹೊತ್ತಿಗೆ ಮಳೆ ಹಿಡಿದಿತ್ತು. ಬಂದರಿನ ಗೋದಾಮಿನ ತೇವಕ್ಕೆ ಡಬ್ಬಿಗಳ ಮೈಗೆ ತುಕ್ಕು ಬಂತು, ಮೇಲೆ ಅಂಟಿಸಿದ ಚೀಟಿಗಳಿಗೆ ಬೂಸು ಹಿಡಿಯಿತು. ಅವುಗಳೊಳಗಿನ ಉಪ್ಪಿನಕಾಯಿ ಮಾತ್ರ ಒಂದಿಷ್ಟೂ ಕೆಟ್ಟಿರಲಿಲ್ಲ, ಅವಳ ಹೆಬ್ಬೆರಳು ಸುಳ್ಳು ಹೇಳಿರಲಿಲ್ಲ. ತುಕ್ಕು ಹಿಡಿದ ಡಬ್ಬಿಯ ಒಳಗೆ ಯಾರು ನೋಡುತ್ತಾರೆ? ಮೊಂಬಾಸಾದವರು ಬೇರೆ ಕಡೆಯಿಂದ ತರಿಸಿಕೊಂಡರು. ನಮ್ಮದು ಮುಂಬೈಯ ಸಣ್ಣಪುಟ್ಟ ಖಾನಾವಳಿಗಳ ಪಾಲಾಯಿತು. ಸೇಟನಿಂದ ಮತ್ತೆ ಪತ್ರ ಬರಲಿಲ್ಲ. ದಸರೆಯ ಹೊತ್ತಿಗೆ ಮಾಮಾ ಭರಣಿಗಳನ್ನು ಮಾರಿ, ಹಸಿ ಹಣ್ಣು ಹೇರಿಕೊಂಡು ಮತ್ತೆ ಸೊಲ್ಲಾಪುರದ ಹಾದಿ ಹಿಡಿದ. ನಾನು ಅರ್ಜಿ ಕಾಗದಗಳ ಸಹವಾಸವೇ ಬೇಡವೆಂದು ಸಿಂದಗಿಗೆ ಹೋಗಿ ಸಾಲಿ ಮಾಸ್ತರನಾದೆ.

ಆ ಚಳಿಗಾಲದಲ್ಲಿ ಒಂದು ಸಲ ಬಸ್ಸು ಅಗರಖೇಡದ ದಾರಿಯಲ್ಲಿ ನಿಂತಾಗ ಬಸಲಿಂಗವ್ವ ಹತ್ತಿದಳು. ಹಿಂದೆ ಕಾಶವ್ವ. ಇಬ್ಬರ ಕೈಗೂ ಹರಕು ಬಟ್ಟೆ ಸುತ್ತಿತ್ತು, ಕುಸುಬೆ ಕಿತ್ತು ಬರುತ್ತಿದ್ದರು. ನಾನು ಎದ್ದು ಜಾಗ ಕೊಟ್ಟೆ. ಆರಾಮ ಅದಿಯೇನ ತಮ್ಮಾ ಎಂದು ಕೇಳಿದಳು. ಹಲ್ಲಿನಿಂದ ಅಂಗೈಯ ಮುಳ್ಳು ಕೀಳುತ್ತ, ನನ್ನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲದೆ, "ಅವತ್ತ ಗಾಡಿಗೆ ಹೊತ್ತಾಗಿದ್ದು ಖರೆ. ನಿಂದೇನೂ ತಪ್ಪಿಲ್ಲ. ಅಡಕಿ ನಾ ಎಣಸಲಿಲ್ಲ" ಎಂದಳು. ನನ್ನ ಊರು ಬರುವ ಮೊದಲೇ ನಾನು ಇಳಿದುಬಿಟ್ಟೆ. ಅವಳು ತೀರಿಕೊಂಡ ಸುದ್ದಿ ಎಷ್ಟೋ ವರ್ಷದ ಮೇಲೆ ಬಂತು. ಹೋಗಲಿಲ್ಲ.

ಇದನ್ನೆಲ್ಲ ನೆನೆಯುತ್ತ ಆ ಸೈಕಲ್ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಅಂಗಡಿಯವನು ಯಾರು ಬೇಕಿತ್ತರಿ ಎಂದು ಕೇಳಿದ. ಹಿಂದಿನ ಓಣಿಯಲ್ಲಿ ಬಸಲಿಂಗವ್ವನ ಮನೆಯವರು ಯಾರಾದರೂ ಇದ್ದಾರೆಯೇ ಎಂದೆ. ಉಪ್ಪಿನಕಾಯಿ ಕಾಶವ್ವನ ಮನೆ ಎಂದು ತೋರಿಸಿದ. ಕಾಶವ್ವ ಅಗರಖೇಡದಿಂದ ತಿರುಗಿ ಬಂದು, ಅದೇ ಖೋಲಿಯಲ್ಲಿ, ಅತ್ತೆ ಕಲಿಸಿದ ಉಪ್ಪಿನಕಾಯಿ ಹಾಕಿ ಮಾರಿಕೊಂಡಿದ್ದಳು. ಬೆನ್ನು ಬಾಗಿತ್ತು. ಗುರುತು ಹಿಡಿದಳು.

"ಖಾದರಣ್ಣಾರ ಅಲ್ಲೇನ್ರಿ. ಒಳಗ ಬರ್ರಿ."

ಚಹಾ ಕೊಟ್ಟಳು. ಹೊರಡುವಾಗ ಒಂದು ಬಾಟಲಿ ಉಪ್ಪಿನಕಾಯಿಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಆಮೇಲೆ ಡಬ್ಬಿಯಿಂದ ಒಂದು ಹಿಡಿ ಜೋಳ ತೆಗೆದು ಅದರ ಮೇಲೆ ಹಾಕಿದಳು, ಒಂದು ಅರಿಶಿನದ ಕೊಂಬು, ಎರಡು ಅಡಿಕೆ. ಎರಡೇಕೆ ಎಂದು ಕೇಳಿದೆ. ಕೇಳಬಾರದಿತ್ತು.

"ಊರ ಬಿಟ್ಟ ಹೋಗೂ ಬಾಟಲಿಗೆ ಎರಡೆರಡ ಹಾಕಬೇಕಂತ ಅತ್ತಿ ಹೇಳಿ ಹೋಗ್ಯಾಳ್ರಿ. ಸಾಯೂ ಹೊತ್ನ್ಯಾಗೂ ಅದನ್ನ ಅಂದ್ಲು. ಅವತ್ತ ಕಮ್ಮಿ ಬಿದ್ದಿದ್ವಲ್ಲ." ಅವಳು ಚೀಲದ ಬಾಯಿ ಹಿಡಿದುಕೊಂಡೇ ನನ್ನನ್ನು ನೋಡಿದಳು. "ನೀವ ಹೋಗಿದ್ರಲ್ಲ ಅಣ್ಣಾರ, ಖರೇನ ಹಡಗಿನ್ಯಾಗ ಜಾಗ ಇರಲಿಲ್ಲೇನ್ರಿ?"

ಈ ಸಲ ಹೇಳಿದೆ. ಜೋಳ, ತಪಾಸಣೆಯವರು, ಪಟ್ಟಿಯ ಮೇಲಿನ ನನ್ನ ಸಹಿ, ಮಾಮಾನ ಮಾತು, ಪಾರಿವಾಳ, ಎಲ್ಲವನ್ನೂ ಹೇಳಿದೆ. ಅಡಿಕೆ ಕಮ್ಮಿ ಬಿದ್ದದ್ದಕ್ಕೂ ಹಡಗು ತಪ್ಪಿದ್ದಕ್ಕೂ ಸಂಬಂಧವೇ ಇರಲಿಲ್ಲ ಎಂದೆ. ಹೇಳುತ್ತ ಹೇಳುತ್ತ ಹಗುರಾಗುತ್ತೇನೆ ಎಂದುಕೊಂಡಿದ್ದೆ. ಆಗಲಿಲ್ಲ. ಕಾಶವ್ವ ಅಳಲಿಲ್ಲ, ಬೈಯಲಿಲ್ಲ. ತನ್ನ ಅಂಗೈಯನ್ನು ಒಂದು ಸಲ ನೋಡಿಕೊಂಡಳು.

"ಆಕಿ ಇದ್ದಾಗ ಹೇಳಬೇಕಿತ್ತರಿ" ಎಂದಳು.

ಆಮೇಲೆ ಚೀಲದೊಳಗೆ ಕೈ ಹಾಕಿ, ಒಂದು ಅಡಿಕೆ ಹೊರಗೆ ತೆಗೆದು ತನ್ನ ಡಬ್ಬಿಗೆ ಹಾಕಿಕೊಂಡಳು. ಇನ್ನೊಂದನ್ನು ಜೋಳದಲ್ಲೇ ಬಿಟ್ಟು, ಚೀಲದ ಬಾಯಿ ಕಟ್ಟಿ ನನ್ನ ಕೈಗೆ ಕೊಟ್ಟಳು.